ಬಲಕ್ಕೆ ಬಿದ್ದ ಬುಲೆಟ್

ಪಾಲಾಕ್ಷ ತನ್ನ ನಲವತ್ತೆಂಟು ವರ್ಷದ ಜೀವಮಾನದಲ್ಲಿ ಬೀಳಿಸದ ವಸ್ತುವಿಲ್ಲ. ಮದುವೆಯ ದಿನ ಅಕ್ಷತೆಯ ತಟ್ಟೆ ಬೀಳಿಸಿದ್ದ. ಗುಮಾಸ್ತನಾಗಿ ಕೆಲಸಕ್ಕೆ ಸೇರಿದ ದಿನ ಹೆಡ್‌ಮಾಸ್ಟರರ ಮಡಿಲಿಗೆ ಕಾಫಿ ಲೋಟ ಬೀಳಿಸಿದ್ದ. ಒಂದು ಗಣರಾಜ್ಯೋತ್ಸವದಲ್ಲಿ ಮೈಕನ್ನೂ, ಅದನ್ನು ಹಿಡಿಯಲು ಹೋಗಿ ಮುಖ್ಯ ಅತಿಥಿಯನ್ನೂ ಬೀಳಿಸಿದ್ದ. ಅವೆಲ್ಲ ಕಾಲಕ್ರಮದಲ್ಲಿ ಮರೆತುಹೋದವು. ಆದರೆ ಕಳೆದ ಶ್ರಾವಣದ ಮೂರನೆಯ ಸೋಮವಾರ, ಕೊಳಾಲದಿಂದ ಆಚೆ ರಸ್ತೆಗೆ ಅಂಟಿಕೊಂಡಂತಿರುವ ವೀರಭದ್ರಸ್ವಾಮಿ ಗುಡಿಯ ಮುಂದೆ ಅವನು ಬೀಳಿಸಿದ ವಸ್ತು ಹಾಗೆ ಮರೆಯುವಂಥದ್ದಲ್ಲ. ಅದು ಅವನ ಮಾವ ಶಂಕರಲಿಂಗಪ್ಪನವರ ಬುಲೆಟ್.

ಶಂಕರಲಿಂಗಪ್ಪ ಮೂವತ್ತಾರು ವರ್ಷ ಡ್ರಿಲ್ ಮೇಷ್ಟ್ರಾಗಿದ್ದು, ಮೂರು ತಾಲೂಕಿನ ಹುಡುಗರನ್ನು ಬಿಸಿಲಲ್ಲಿ ನಿಲ್ಲಿಸಿ ನಿವೃತ್ತರಾದವರು. ಪಾಲಾಕ್ಷ ಮೊದಲು ಅವರ ಶಿಷ್ಯ, ಆಮೇಲೆ ಅಳಿಯ. ಎರಡನೆಯ ಸಂಬಂಧದಿಂದ ಮೊದಲನೆಯದು ಒಂದಿಷ್ಟೂ ಸಡಿಲವಾಗಿರಲಿಲ್ಲ. ಅವರು ಎದುರಿಗೆ ಬಂದರೆ ಇವನ ಹಿಮ್ಮಡಿಗಳು ತಾವಾಗಿಯೇ ಒಂದಕ್ಕೊಂದು ಕೂಡಿಕೊಳ್ಳುತ್ತಿದ್ದವು. ಇನ್ನು ಆ ಬುಲೆಟ್ಟನ್ನಂತೂ ಯಾರೂ ಮುಟ್ಟುವಂತಿರಲಿಲ್ಲ. ಕೊರಟಗೆರೆಯಲ್ಲಿರುವ ಮಗ ನಾಗಭೂಷಣನಿಗೆ ತಲೆಗೂದಲು ಉದುರುವ ವಯಸ್ಸಾದ ಮೇಲೆ ಅದನ್ನು ಒರೆಸುವ ಹಕ್ಕು ಸಿಕ್ಕಿತ್ತು, ಅದೂ ಚಕ್ರಗಳನ್ನು ಮಾತ್ರ.

ಇಂಥ ಮೇಷ್ಟ್ರು ಕೊಳಾಲದ ಮನೆಯನ್ನು ಅಂಗನವಾಡಿಗೆ ಬಿಟ್ಟುಕೊಡಲು ಒಪ್ಪಿ, ‘ಇನ್ಮೇಲೆ ಮಕ್ಕಳ ಮನೇಲಿ ಇರ್ತೀನಿ’ ಎಂದು ಘೋಷಿಸಿದರು. ಯಾರ ಮನೆ ಎಂದು ಹೇಳಲಿಲ್ಲ. ಆ ಗಳಿಗೆಯಿಂದ ಎರಡೂ ಮನೆಯವರು ಮಹಾ ತ್ಯಾಗಿಗಳಾಗಿಬಿಟ್ಟರು.

“ಅಪ್ಪಾಜಿ ಸೇವೆ ಮಾಡೋ ಪುಣ್ಯ ಅಕ್ಕಂಗೇ ಸಿಗ್ಲಿ ಬುಡಿ ಭಾವ. ಹೆಣ್ಮಕ್ಕಳಿಗೆ ಅಪ್ಪ ಅಂದ್ರೆ ಒಂದ್ ಕೈ ಜಾಸ್ತಿ,” ಎಂದ ನಾಗಭೂಷಣ.

“ಛೆ ಛೆ, ಗಂಡ್ ಮಗ ಗಟ್ಟಿಮುಟ್ಟಾಗಿರೋವಾಗ ಆ ಪುಣ್ಯ ನಾವು ಕಿತ್ಕೊಂಡ್ರೆ ಜನ ಏನಂತಾರೆ!” ಎಂದ ಮಧುಗಿರಿಯ ಪಾಲಾಕ್ಷ.

ಪುಣ್ಯ ಹೀಗೆ ಎರಡು ತಿಂಗಳು ಕೊರಟಗೆರೆಗೂ ಮಧುಗಿರಿಗೂ ಫೋನಿನಲ್ಲಿ ಓಡಾಡಿತು. ಪಾಲಾಕ್ಷನ ಹೆದರಿಕೆಗೆ ಕಾರಣವಿತ್ತು. ಹೋದ ವರ್ಷ ಮೇಷ್ಟ್ರು ಹದಿನೈದು ದಿನ ಅವನ ಮನೆಯಲ್ಲಿದ್ದಾಗ ಬೆಳಗಿನ ನಾಲ್ಕೂವರೆಗೆ ಎದ್ದು ಸೀಟಿ ಊದುತ್ತಿದ್ದರು. ಎದುರುಮನೆಯ ಪ್ರಸನ್ನ ಕುಮಾರ್ ಬೆಚ್ಚಿ ಎದ್ದವನು ಏಕೆಂದು ತಿಳಿಯದೆ ಮೂರು ದಿನ ಬಸ್ಕಿ ಹೊಡೆದ, ನಾಲ್ಕನೆಯ ದಿನ ಸಂಸಾರ ಸಮೇತ ಅತ್ತೆ ಮನೆಗೆ ಹೊರಟುಹೋದ. ನೀರನ್ನು ಕೂತು ಕುಡಿಯಬೇಕು, ಅನ್ನವನ್ನು ಮೂವತ್ತೆರಡು ಸಲ ಅಗಿಯಬೇಕು, ಚಪ್ಪಲಿ ಜೋಡಿ ಗೋಡೆಗೆ ನೇರವಾಗಿರಬೇಕು. ಹದಿನೈದು ದಿನದಲ್ಲಿ ಪಾಲಾಕ್ಷ ನಾಲ್ಕು ಕಿಲೋ ಇಳಿದಿದ್ದ.

ಕೊನೆಗೆ ಮನೆದೇವರ ಹತ್ತಿರ ಹೂ ಕೇಳುವುದೆಂದಾಯಿತು. ಅರ್ಚಕರು ಮೂರ್ತಿಯ ಎರಡೂ ಭುಜಕ್ಕೆ ಗಂಧದಿಂದ ಹೂವಿನ ಎಸಳು ಅಂಟಿಸಿ, ಪ್ರಶ್ನೆ ಹೇಳಿ, ಮಂಗಳಾರತಿ ಎತ್ತುತ್ತಾರೆ. ಯಾವ ಕಡೆಯ ಎಸಳು ಬೀಳುತ್ತದೋ ಅದು ದೇವರ ಮಾತು. ಬಲಗಡೆ ಬಿದ್ದರೆ ಮಗಳ ಮನೆ, ಎಡಗಡೆ ಬಿದ್ದರೆ ಮಗನ ಮನೆ. ಹೀಗೆ ಗೊತ್ತುಮಾಡಿದವನು ನಾಗಭೂಷಣ. ದೇವರು ಸಾಮಾನ್ಯವಾಗಿ ಬಲಗಡೆಯೇ ಕೊಡುತ್ತಾನೆಂಬುದು ಪಾಲಾಕ್ಷನಿಗೆ ಹೊಳೆಯುವ ಹೊತ್ತಿಗೆ ಅರ್ಚಕ ವೀರಭದ್ರಯ್ಯನವರು ಗಂಟೆ ಬಾರಿಸಿಯಾಗಿತ್ತು.

ಆದರೆ ಅವತ್ತು ದೇವರು ಎಡವನ್ನೂ ಕೊಡಲಿಲ್ಲ, ಬಲವನ್ನೂ ಕೊಡಲಿಲ್ಲ. ಒಂದು ಗಂಟೆಯಾಯಿತು. ವೀರಭದ್ರಯ್ಯನವರು ಮೂರು ಸಲ ಮಂಗಳಾರತಿ ಎತ್ತಿದರು, ನಾಲ್ಕು ಸಲ ಗಡಿಯಾರ ನೋಡಿದರು. ಬೆಳಿಗ್ಗೆ ಗಂಧವನ್ನು ತುಸು ಗಟ್ಟಿಯಾಗಿ ತೇಯ್ದದ್ದು ಅವರಿಗೆ ನೆನಪಾಯಿತು, ಆದರೆ ಭಕ್ತರ ಮುಂದೆ ಹೇಳಿಕೊಳ್ಳುವ ವಿಷಯವಲ್ಲ. ಡ್ರಿಲ್ ಮೇಷ್ಟ್ರಿಗೇ ಉತ್ತರ ಕೊಡದ ದೇವರನ್ನು ನೋಡಲು ಸುತ್ತಲಿನ ಜನರೆಲ್ಲ ಬಂದು ಗುಡಿಯೊಳಗೆ ತುಂಬಿಕೊಂಡರು. ಸಾಂಬ್ರಾಣಿ ಹೊಗೆ, ಜನರ ಬೆವರು, ಮುಂದಿನ ಜೀವನದ ಚಿಂತೆ ಮೂರೂ ಸೇರಿ ಪಾಲಾಕ್ಷನಿಗೆ ಉಸಿರು ಕಟ್ಟಿತು. ಅವನು ಮೆಲ್ಲಗೆ ಆಚೆ ಬಂದ.

ಆಚೆ ಒಂದು ನರಪಿಳ್ಳೆಯೂ ಇರಲಿಲ್ಲ. ಗುಡಿಯ ಕಡೆ ಮುಖ ಮಾಡಿ, ಸೈಡ್ ಸ್ಟ್ಯಾಂಡಿನ ಮೇಲೆ ಎಡಕ್ಕೆ ವಾಲಿಕೊಂಡು ಬುಲೆಟ್ ನಿಂತಿತ್ತು. ಪಕ್ಕದ ಪಂಕ್ಚರ್ ಅಂಗಡಿಯ ಪರಮೇಶನೂ ದೇವರ ತೀರ್ಪು ಕೇಳಲು ಒಳಗೆ ಹೋಗಿದ್ದ.

ಇಲ್ಲಿ ಒಂದು ಮಾತು ಹೇಳಬೇಕು. ಪಾಲಾಕ್ಷನ ಎಸ್ಸೆಸ್ಸೆಲ್ಸಿ ಸಹಪಾಠಿಗಳದೊಂದು ವಾಟ್ಸಾಪ್ ಗುಂಪಿತ್ತು. ಅದರಲ್ಲಿ ಒಬ್ಬ ಕಾರಿನ ಮುಂದೆ ನಿಂತಿದ್ದ, ಇನ್ನೊಬ್ಬ ಸಮುದ್ರದ ಮುಂದೆ. ಪಾಲಾಕ್ಷನ ಫೋಟೋದಲ್ಲಿ ಮಾತ್ರ ಅವನ ಹಿಂದೆ ಶಾಲೆಯ ಬೀರು ಇತ್ತು. ಈ ಅವಮಾನವನ್ನು ಅವನು ಎರಡು ವರ್ಷದಿಂದ ನುಂಗಿಕೊಂಡು ಬಂದಿದ್ದ. ಜೀವಮಾನದಲ್ಲಿ ತಂಗಿಯ ಸ್ಕೂಟಿಗಿಂತ ದೊಡ್ಡ ಗಾಡಿ ಹತ್ತದಿದ್ದ ಆ ಮನುಷ್ಯ ಬುಲೆಟ್ಟನ್ನು ನೋಡಿದ, ಗುಡಿಯ ಬಾಗಿಲನ್ನು ನೋಡಿದ, ಜೇಬಿನಿಂದ ಕಪ್ಪು ಕನ್ನಡಕ ತೆಗೆದ.

ಪರಮೇಶನ ಹಳೆ ಟೈರುಗಳ ಮೇಲೆ ಫೋನ್ ನಿಲ್ಲಿಸಿ ಹತ್ತು ಸೆಕೆಂಡಿನ ಟೈಮರ್ ಇಟ್ಟ. ಓಡಿಬಂದು ಎಡಗಡೆಯಿಂದ ಕಾಲೆತ್ತಿ ಹಾಕಿದ. ಕೂತ. ವಾಲಿಕೊಂಡು ಕೂತರೆ ಫೋಟೋದಲ್ಲಿ ಗತ್ತು ಬರುವುದಿಲ್ಲವೆಂದು ಹ್ಯಾಂಡಲ್ ಹಿಡಿದು ಗಾಡಿಯನ್ನು ನೆಟ್ಟಗೆ ಮಾಡಿದ. ಗಾಡಿ ನೆಟ್ಟಗಾಯಿತು. ಆದರೆ ಅಲ್ಲಿಗೆ ನಿಲ್ಲಲಿಲ್ಲ, ಅದೇ ಉತ್ಸಾಹದಲ್ಲಿ ಬಲಕ್ಕೆ ಹೊರಟಿತು. “ಏಯ್, ಏಯ್, ಸಾರ್!” ಎಂದು ಪಾಲಾಕ್ಷ ಗಾಡಿಗೇ ಗೌರವ ಕೊಟ್ಟು ಬೇಡಿಕೊಂಡ. ಎರಡು ಕ್ವಿಂಟಲ್ ಕಬ್ಬಿಣ ಧಡಾರನೆ ಬಲಮಗ್ಗುಲಿಗೆ ಮಲಗಿತು. ಕನ್ನಡಿ ಪುಡಿಯಾಯಿತು. ಲೆಗ್ ಗಾರ್ಡ್ ಇದ್ದುದರಿಂದ ಪಾಲಾಕ್ಷನ ಕಾಲು ಉಳಿಯಿತು, ಪ್ಯಾಂಟಿನ ಮೊಣಕಾಲು ಉಳಿಯಲಿಲ್ಲ. ಅವನು ತೆವಳಿಕೊಂಡು ಹೊರಬಂದು, ಫೋನ್ ಕಸಿದುಕೊಂಡು, ಟೈರುಗಳ ಹಿಂದೆ ಅವಿತುಕೊಂಡ.

ಶಬ್ದಕ್ಕೆ ಗುಡಿಯೊಳಗಿದ್ದ ಜನವೆಲ್ಲ ಹೊರಗೆ ಬಂತು. ಬಂದವರಿಗೆ ಕಂಡದ್ದು ಇಷ್ಟೇ. ಸುತ್ತ ಯಾರೂ ಇಲ್ಲ, ಬುಲೆಟ್ ಮಲಗಿದೆ. ನಾಗಭೂಷಣನ ಕಂಠದಿಂದ ಅವನ ಜನ್ಮದಲ್ಲೇ ಬರದಿದ್ದ ಸ್ವರವೊಂದು ಹೊರಟಿತು.

“ಬಲ! ಬಲಕ್ಕೆ ಬಿದ್ದೈತೆ! ಸ್ವಾಮಿ ಬಲ ಕೊಟ್ಬುಟ್ಟ!”

ಎಂದವನೇ ರಸ್ತೆಯಲ್ಲೇ ಅಡ್ಡಬಿದ್ದ. ವೀರಭದ್ರಯ್ಯನವರು ಬಿದ್ದ ಗಾಡಿಯನ್ನು ನೋಡಿದರು, ಒಳಗಿರುವ ದೇವರನ್ನು ನೋಡಿದರು, ನೆತ್ತಿಯ ಮೇಲೆ ಬಂದಿದ್ದ ಸೂರ್ಯನನ್ನೂ ನೋಡಿದರು. ಮನೆಯಲ್ಲಿ ಮುದ್ದೆ ಆರುತ್ತಿತ್ತು.

“ಹೂವು ಸಣ್ಣದಾಯ್ತು ಅಂತ ಸ್ವಾಮಿ ವಾಹನಾನೇ ಇಳಿಸವ್ನೆ,” ಎಂದು ಅವರು ಗಂಭೀರವಾಗಿ ತೀರ್ಪು ಕೊಟ್ಟರು. “ಇನ್ನು ಪ್ರಶ್ನೆ ಇಲ್ಲ. ಮಧುಗಿರಿ.”

ಟೈರಿನ ಹಿಂದಿದ್ದ ಪಾಲಾಕ್ಷ ಬಟ್ಟೆ ಕೊಡವಿಕೊಂಡು, ಆಗತಾನೆ ಗಾಳಿಸಂಚಾರದಿಂದ ಬಂದವನಂತೆ ಗುಂಪಿನೊಳಗೆ ನುಗ್ಗಿದ.

“ಏನಾಯ್ತು? ಅಯ್ಯಯ್ಯೋ, ಗಾಡಿ ಬಿದ್ದೋಯ್ತಾ? ಗಾಳಿ ಇರ್ಬೇಕು. ಶ್ರಾವಣದ ಗಾಳಿ ನೋಡಿ.”

ಎಲ್ಲರೂ ಪಕ್ಕದ ಬೇವಿನ ಮರವನ್ನು ನೋಡಿದರು. ಒಂದೆಲೆಯೂ ಅಲ್ಲಾಡುತ್ತಿರಲಿಲ್ಲ.

“ಹಂಗಾರೆ ಕೋತಿ. ಕೋತಿ ಹತ್ತಿರ್ಬೇಕು.”

“ಹತ್ತಿತ್ತು ಅಂದ್ರೂ ಬೀಳಾಕಿಲ್ಲ ಬುಡಿ ಸಾರ್,” ಎಂದು ಪರಮೇಶ ಮುಂದೆ ಬಂದ. ಅವನು ಹದಿನೆಂಟು ವರ್ಷದಿಂದ ಗಾಡಿ ರಿಪೇರಿ ಮಾಡುವವನು, ಆದ್ದರಿಂದ ಜನ ಜಾಗ ಬಿಟ್ಟರು. “ಸ್ಟ್ಯಾಂಡ್ ಇರೋದು ಎಡಕ್ಕೆ. ಗಾಡಿ ವಾಲೋದು ಎಡಕ್ಕೆ. ಬಿದ್ರೆ ಎಡಕ್ಕೇ ಬೀಳ್ಬೇಕು. ಬಲಕ್ಕೆ ಹೆಂಗೆ ಬಿತ್ತು? ನನ್ ಸರ್ವೀಸ್ನಾಗೇ ನೋಡಿಲ್ಲ. ಇದು ಮನುಷ್ಯರ ಕೆಲ್ಸ ಅಲ್ಲ ಕಣ್ರಪ್ಪಾ.”

ಗುಂಪಿನಲ್ಲಿ ‘ಓಹೋ’ ಎದ್ದಿತು. ವಿಜ್ಞಾನ ತನ್ನ ಕೈಹಿಡಿಯುತ್ತದೆಂದು ನಂಬಿದ್ದ ಪಾಲಾಕ್ಷನಿಗೆ ಅದು ಅರ್ಚಕರ ಪಕ್ಷ ಸೇರಿದ್ದು ಕಂಡು ತಲೆ ತಿರುಗಿತು. ಆದರೆ ಅಪಾಯ ಬಂದಾಗ ಕೆಲವರಿಗೆ ಬುದ್ಧಿ ಚುರುಕಾಗುತ್ತದೆ. ಅವನಿಗೂ ಒಂದು ಹೊಳೆಯಿತು.

“ಅಯ್ನೋರೇ, ಒಂದ್ನಿಮಿಷ! ಗಾಡಿ ಗುಡಿ ಕಡೆ ಮುಖ ಮಾಡಿತ್ತು, ಸ್ವಾಮಿ ಗಾಡಿ ಕಡೆ ಮುಖ ಮಾಡವ್ನೆ. ಎದುರುಬದುರು! ಗಾಡಿಗೆ ಬಲ ಆದ್ರೆ ಸ್ವಾಮಿಗೆ ಎಡ. ಹೂವಿಗೆ ಲೆಕ್ಕ ಹಾಕೋದು ಸ್ವಾಮಿ ಕೈ ಅಲ್ವಾ? ಎಡ! ಕೊರಟಗೆರೆ!”

ಅಡ್ಡಬಿದ್ದಿದ್ದ ನಾಗಭೂಷಣ ಥಟ್ಟನೆ ಎದ್ದು ನಿಂತ. ಜನ ಗುಡಿಯ ಕಡೆ ಒಮ್ಮೆ, ಗಾಡಿಯ ಕಡೆ ಒಮ್ಮೆ ತಿರುಗಿ, ತಮ್ಮ ತಮ್ಮ ಕೈ ಎತ್ತಿ ಎಡಬಲ ಪರೀಕ್ಷೆ ಮಾಡಿಕೊಂಡರು. ಪಾಲಾಕ್ಷನ ವಾದದಲ್ಲಿ ನಿಜವಾಗಿ ಹುರುಳಿತ್ತು. ಅವನ ಜೀವನದಲ್ಲಿ ಅದು ಅಪರೂಪದ ಸಂಗತಿ.

“ಹೂವು ಯಾರದ್ದು?” ಎಂದರು ವೀರಭದ್ರಯ್ಯ.

“ಸ್ವಾಮಿದು.”

“ಗಾಡಿ ಯಾರದ್ದು?”

“ಮಾವಂದು.”

“ಹೂವಿಗೆ ಸ್ವಾಮಿ ಬಲ. ಗಾಡಿಗೆ ಗಾಡಿ ಬಲ. ಆರ್‌ಸಿ ಬುಕ್ಕು ಸ್ವಾಮಿ ಹೆಸ್ರಲ್ಲಿ ಇದ್ದಿದ್ರೆ ನೋಡ್ಬೋದಿತ್ತು,” ಎಂದು ಅರ್ಚಕರು ಶಲ್ಯ ಹೆಗಲಿಗೇರಿಸಿದರು.

ಅಷ್ಟರಲ್ಲಿ ಕೊರಟಗೆರೆ ಕಡೆಯ ಬಸ್ಸು ಬಂತು. ಜನ ರಸ್ತೆಗೇ ಬಂದು ನಿಂತಿದ್ದರಿಂದ ದಾರಿಯಿಲ್ಲ. ಕಂಡಕ್ಟರು ಬೈಯಲೆಂದು ಇಳಿದವನು ವಿಷಯ ತಿಳಿದು ಚಪ್ಪಲಿ ಬಿಟ್ಟು ಕೈಮುಗಿದ. ಪ್ರಯಾಣಿಕರೆಲ್ಲ ಇಳಿದರು. ಪಾವಗಡದ ಕಡೆಯ ಪಟಾಲಮ್ಮ ಎಂಬ ಅಜ್ಜಿ, ಕೊರಟಗೆರೆಯಲ್ಲಿರುವ ಮೊಮ್ಮಗಳನ್ನು ನೋಡಲು ಹೊರಟವಳು, ಎಲ್ಲರನ್ನೂ ತಳ್ಳಿಕೊಂಡು ಮುಂದೆ ಬಂದಳು.

“ಅಯ್ಯೋ ದೇವುಡಾ, ಬಂಡಿ ಸ್ವಾಮಿಕಿ ದಂಡಂ ಪೆಟ್ಟಿಂದಿ! ಮನುಸ್ರೇ ನೆಟ್ಟಗೆ ಅಡ್ಡಬೀಳಲ್ಲ ಈ ಕಾಲ್ದಾಗೆ, ಗಾಡಿ ಬಿದ್ದೈತೆ ನೋಡ್ರಪ್ಪಾ!” ಎಂದು ತೆಲುಗು ಬೆರೆಸಿ ಕೂಗುತ್ತ ಬುಲೆಟ್ಟಿನ ಹೆಡ್‌ಲೈಟಿಗೆ ಕುಂಕುಮ ಹಚ್ಚಿದಳು.

ಅದು ನಾಂದಿಯಾಯಿತು. ಯಾರೋ ಚೆಂಡುಹೂವಿನ ಹಾರ ತಂದು ಹ್ಯಾಂಡಲಿಗೆ ಹಾಕಿದರು. ಯಾರೋ ಸೈಲೆನ್ಸರಿನ ಮುಂದೆ ತೆಂಗಿನಕಾಯಿ ಒಡೆದರು. ಮೂರು ವರ್ಷದಿಂದ ಮಗನಿಗೆ ಹೆಣ್ಣು ಸಿಗದ ತಾಯಿಯೊಬ್ಬಳು ಮಗನನ್ನು ಕರೆದುಕೊಂಡು ಬುಲೆಟ್ಟಿಗೆ ಪ್ರದಕ್ಷಿಣೆ ಹಾಕಿದಳು. ಪೆಟ್ರೋಲ್ ತೊಟ್ಟಿಕ್ಕುತ್ತಿದ್ದುದನ್ನು ಪರಮೇಶ ಗಮನಿಸದಿದ್ದರೆ ಕರ್ಪೂರವನ್ನೂ ಹಚ್ಚಿಬಿಡುತ್ತಿದ್ದರು.

ಇಷ್ಟೆಲ್ಲ ಆಗುವಾಗ ಶಂಕರಲಿಂಗಪ್ಪ ಗುಡಿಯ ಮೆಟ್ಟಿಲ ಮೇಲೆ ಕೈಕಟ್ಟಿ ನಿಂತಿದ್ದರು. ಒಂದು ಮಾತೂ ಆಡಿರಲಿಲ್ಲ. ಬುಲೆಟ್ಟಿಗೆ ಒಂದು ಗೀರು ಬಿದ್ದರೆ ಊರು ಒಂದು ಮಾಡುವ ಮನುಷ್ಯ ಸುಮ್ಮನಿರುವುದನ್ನು ನೋಡಿ ಪಾಲಾಕ್ಷನಿಗೆ ಇನ್ನೂ ಭಯವಾಯಿತು.

“ಭಾವ, ಅಪ್ಪಾಜಿ ಟ್ರಂಕು ನಾಳೆ ಬೆಳಿಗ್ಗೇನೇ ಕಳಿಸ್ಕೊಡ್ತೀನಿ,” ಎಂದ ನಾಗಭೂಷಣ. ಸಂತೋಷಕ್ಕೆ ಅವನ ಕಣ್ಣಲ್ಲಿ ನೀರಿತ್ತು.

ನಾಲ್ಕೂವರೆಯ ಸೀಟಿ ಪಾಲಾಕ್ಷನ ಕಿವಿಯಲ್ಲಿ ಊದಿದಂತಾಯಿತು. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಮಾವ ಬೈದರೆ ಒಂದು ದಿನ, ಮನೆಗೆ ಬಂದರೆ ಜೀವನಪೂರ್ತಿ. ಅವನು ಬೇವಿನ ಮರದ ಕಟ್ಟೆ ಹತ್ತಿ ನಿಂತು ಕೂಗಿದ.

“ಎಲ್ರೂ ಕೇಳ್ರಪ್ಪಾ! ಗಾಡಿ ಬೀಳ್ಸಿದ್ದು ಸ್ವಾಮಿ ಅಲ್ಲ. ನಾನು!”

ಯಾರೋ ಕಿಸಕ್ಕನೆ ನಕ್ಕರು.

“ಭಾವ, ಬುಡಿ,” ಎಂದ ನಾಗಭೂಷಣ. “ಗ್ಯಾಸ್ ಸಿಲಿಂಡರ್ ಅಡಿಗೆಮನೆಗೆ ಉರುಳ್ಸೋಕೆ ಪ್ರಸನ್ನ ಕುಮಾರ್‌ನ ಕರೀತೀರಿ ನೀವು. ಬುಲೆಟ್ ಬೀಳಿಸ್ತೀರಾ?”

“ಆಣೆಗೂ ಕಣಯ್ಯಾ! ಪ್ಯಾಂಟ್ ನೋಡು, ಹರ್ದೈತೆ!”

“ಆ ಪ್ಯಾಂಟು ಯುಗಾದಿಯಿಂದ್ಲೂ ಹರ್ದೈತೆ,” ಎಂದಳು ಅವನ ಹೆಂಡತಿ ಮಂಜುಳಾ. ಅಪ್ಪ ಬರುವುದು ಬೇಡವೆಂದು ನಿನ್ನೆಯವರೆಗೂ ಅವಳೂ ಹರಕೆ ಹೊತ್ತಿದ್ದವಳೇ. ಆದರೆ ಐವತ್ತು ಜನರ ಮುಂದೆ ಮಗಳಾಗಿ ನಿಂತಾಗ ವಿಷಯ ಬೇರೆ. “ಏನ್ರೀ, ನಮ್ಮಪ್ಪನ್ನ ಇಟ್ಕೊಳ್ಳೋಕೆ ಇಷ್ಟ ಇಲ್ಲ ಅಂದ್ರೆ ನೆಟ್ಟಗೆ ಹೇಳಿ. ದೇವರು ಮಾಡಿದ್ ಕೆಲ್ಸಕ್ಕೆ ನಿಮ್ ಹೆಸ್ರು ಹಾಕ್ಕೋಬೇಡಿ. ನಾಚ್ಕೆ ಆಗಲ್ವಾ?”

“ಪ್ರೂಫ್ ಐತೆ ಕಣೇ! ಫೋಟೋ ಐತೆ!”

ಅವನು ಫೋನ್ ತೆಗೆದು ಎತ್ತಿ ಹಿಡಿದ. ತಾನೂ ಇನ್ನೂ ನೋಡಿರಲಿಲ್ಲ. ಕಂಡಕ್ಟರು ಫೋನ್ ಇಸಿದುಕೊಂಡು ನೋಡಿ, ಎರಡೂ ಕೈಯಿಂದ ಅರ್ಚಕರಿಗೆ ಕೊಟ್ಟ. ಟೈಮರ್ ಸರಿಯಾದ ಗಳಿಗೆಗೇ ಕೆಲಸ ಮಾಡಿತ್ತು. ಫೋನ್ ಇದ್ದದ್ದು ಎಡಗಡೆ, ಪಾಲಾಕ್ಷ ಗಾಡಿಗಿಂತ ಮೊದಲೇ ಜಾರಿ ಬಿದ್ದದ್ದು ಬಲಗಡೆ, ಟ್ಯಾಂಕಿನ ಮರೆಗೆ. ಚಿತ್ರದಲ್ಲಿ ಬುಲೆಟ್ ಅರ್ಧ ವಾಲಿ ನಿಂತಿತ್ತು, ಸುತ್ತ ಧೂಳು, ಒಂದು ಅಂಚಿಗೆ ಗುಡಿಯ ಗೋಪುರ. ಮನುಷ್ಯನ ಒಂದು ಕೂದಲೂ ಇರಲಿಲ್ಲ.

“ತಾನೇ ತಾನಾಗಿ ಬೀಳ್ತಾ ಐತೆ!” ಎಂದು ಕಂಡಕ್ಟರು ಚೀರಿದ.

ಎರಡು ನಿಮಿಷದಲ್ಲಿ ಆ ಚಿತ್ರ ಬಸ್ಸಿನವರ ಫೋನುಗಳಿಗೆಲ್ಲ ಹೋಯಿತು. ಸಿರಾದ ಒಂದು ಗುಂಪಿನಿಂದ ‘ಬುಲೆಟ್ ವೀರಭದ್ರ, ಶೇರ್ ಮಾಡಿದವರಿಗೆ ಶುಭವಾರ್ತೆ’ ಎಂದು ಅದು ಐದನೆಯ ನಿಮಿಷಕ್ಕೆ ಪಾಲಾಕ್ಷನ ಫೋನಿಗೇ ವಾಪಸ್ಸು ಬಂತು. ಅವನ ಸಹಪಾಠಿಗಳ ಗುಂಪಿನಲ್ಲಿ ಮೂವತ್ತೊಂದು ಜನ ಕೈಮುಗಿದಿದ್ದರು. ಅವನು ಹಾಕಿದ ಯಾವ ಫೋಟೋಗೂ ಅಷ್ಟು ಜನ ಮುಗಿದಿರಲಿಲ್ಲ. ಪಾಲಾಕ್ಷ ಕಟ್ಟೆಯ ಮೇಲೆ ಕುಸಿದು ಕೂತ.

ಆಗ ಮೆಟ್ಟಿಲ ಮೇಲಿನಿಂದ ಗುಡುಗಿನಂಥ ಧ್ವನಿ ಬಂತು.

“ಎಲ್ರೂ ಹತ್ತು ಹೆಜ್ಜೆ ಹಿಂದಕ್ಕೆ! ಪಾಲಾಕ್ಷ, ಬಾ ಇಲ್ಲಿ. ಗಾಡಿ ಎತ್ತು.”

ಮೂರು ತಾಲೂಕಿನ ಜನ ಹತ್ತು ಹೆಜ್ಜೆ ಹಿಂದಕ್ಕೆ ಹೋದರು. ಮಾವ ಹ್ಯಾಂಡಲ್ ಹಿಡಿದರು, ಅಳಿಯ ಹಿಂದಿನ ಕಂಬಿ ಹಿಡಿದ. ಗಾಡಿ ಎದ್ದು ನಿಂತಿತು. ಮೇಷ್ಟ್ರು ಚೆಂಡುಹೂವಿನ ಹಾರವನ್ನು ತೆಗೆದು ಮೆಲ್ಲಗೆ, ಬೇರೆ ಯಾರಿಗೂ ಕೇಳದಂತೆ ಅಂದರು.

“ನಾನು ನೋಡ್ದೆ ಕಣ್ಲಾ.”

“ಏನು ಮಾವ?”

“ನೀನು ಹತ್ತಿದ್ದೂ ನೋಡ್ದೆ. ಬಿದ್ದಿದ್ದೂ ನೋಡ್ದೆ. ಕಾಲು ಮರಗಟ್ಟಿ ಬಾಗಿಲ ಹತ್ರ ಬಂದಿದ್ದೆ. ಒಳಗಿರೋರೆಲ್ಲ ಕಣ್ಮುಚ್ಕೊಂಡಿದ್ರು.”

ಪಾಲಾಕ್ಷನ ಹಿಮ್ಮಡಿಗಳು ಕೂಡಿಕೊಂಡವು. “ಮತ್ತೆ... ಮತ್ತೆ ಯಾಕೆ ಹೇಳ್ಲಿಲ್ಲ ಸಾರ್? ಬುಲೆಟ್ಟು, ಕನ್ನಡಿ...”

“ಮೊದ್ಲು ನಿನ್ ಕೈಕಾಲು ಮುರಿಯೋಣ ಅಂತ್ಲೇ ಹೊರಟೆ.” ಮೇಷ್ಟ್ರು ಪುಡಿಯಾದ ಕನ್ನಡಿಯ ಚೌಕಟ್ಟನ್ನು ತಿರುಗಿಸಿ ನೆಟ್ಟಗೆ ಮಾಡಿದರು. “ಒಂದು ಗಂಟೆ ನಿಂತಿದ್ದೆ ಕಣ್ಲಾ ಅಲ್ಲಿ. ಪಕ್ಕದಾಗೆ ನಾಗ ಬಲ ಬಲ ಅಂತ ಗೊಣಗ್ತಿದ್ದ. ಈ ಪಕ್ಕ ನೀನು ಎಡ ಎಡ ಅಂತಿದ್ದೆ. ನನಗೇನು ಕಿವಿ ಕೇಳಲ್ವಾ? ಮೂವತ್ತಾರು ವರ್ಷ ಊರ್ ಮಕ್ಕಳಿಗೆಲ್ಲ ಎಡ ಬಲ ಹೇಳ್ಕೊಟ್ಟೆ. ಈಗ ನನ್ನನ್ನ ಎಡಕ್ಕೂ ಕರ್ಕೊಳ್ಳೋರಿಲ್ಲ, ಬಲಕ್ಕೂ ಕರ್ಕೊಳ್ಳೋರಿಲ್ಲ. ಆ ಸ್ವಾಮಿಗೂ ಬಾಯಿ ಕಟ್ಟೋಯ್ತು. ಅಷ್ಟೊತ್ತಿಗೆ ನೀನು ಧಡ್ ಅಂತ ಬಲಕ್ಕೆ ಬಿದ್ದೆ. ಹೆಂಗೋ ಒಂದ್ ಕಡೆ ಆಯ್ತಲ್ಲ ಅಂತ ಸುಮ್ಕಾದೆ.”

ಎರಡು ತಿಂಗಳಿನಿಂದ ಎರಡು ಮನೆಯವರು ಪುಣ್ಯದ ಬಗ್ಗೆ, ಸೇವೆಯ ಬಗ್ಗೆ, ಜನ ಏನಂತಾರೆಂಬ ಬಗ್ಗೆ ಮಾತಾಡಿದ್ದರು. ಈ ಮನುಷ್ಯನನ್ನು ಮನೆಗೆ ಬನ್ನಿ ಎಂದು ಒಬ್ಬರೂ ಕರೆದಿರಲಿಲ್ಲ. ಪಾಲಾಕ್ಷನಿಗೆ ತುಂಬ ನಾಚಿಕೆಯಾಯಿತು.

“ನೀನು ಸತ್ಯ ಹೇಳ್ದೆ, ಅದಕ್ಕೆ ಮೆಚ್ದೆ,” ಎಂದರು ಮೇಷ್ಟ್ರು. “ಬೇಕಿದ್ರೆ ಈಗ್ಲೇ ಎಲ್ರಿಗೂ ಹೇಳ್ತೀನಿ, ಅಳಿಯನೇ ಬೀಳ್ಸಿದ್ದು, ನಾನೇ ಸಾಕ್ಷಿ ಅಂತ. ನನ್ ಮಾತು ನಂಬ್ತಾರೆ. ಪ್ರಶ್ನೆ ರದ್ದಾಗ್ತೈತೆ. ನೀನು ಆರಾಮಾಗಿ ಮನೆಗೆ ಹೋಗು.”

ಬಿಡುಗಡೆ ಕೈಯಳತೆಯಲ್ಲಿತ್ತು. ಪಾಲಾಕ್ಷ ಮಾವನ ಮುಖ ನೋಡಿದ. ಯಾವತ್ತೂ ನೆಟ್ಟಗಿರುತ್ತಿದ್ದ ಅವರ ಬೆನ್ನು ಅವತ್ತು ಒಂದಿಷ್ಟು ಬಾಗಿತ್ತು.

“ಮನೆಗೆ ಬನ್ನಿ ಮಾವ,” ಎಂದ. ಅವನಿಗೇ ಸರಿಯಾಗಿ ಕೇಳಲಿಲ್ಲ.

“ಏನಂದೆ?”

“ನಮ್ಮನೆಗೆ ಬನ್ನಿ ಮಾವ ಅಂದೆ.”

ಶಂಕರಲಿಂಗಪ್ಪನವರ ಬೆನ್ನು ಮೆಲ್ಲಗೆ ನೆಟ್ಟಗಾಯಿತು. ಎದೆ ಮುಂದೆ ಬಂತು. ಮೂವತ್ತಾರು ವರ್ಷ ಮೈದಾನದ ಆ ತುದಿಗೆ ತಲುಪಿಸಿದ ಧ್ವನಿ ಗಂಟಲಿಗೆ ವಾಪಸ್ಸು ಬಂತು.

“ಕೇಳಿಸ್ಲಿಲ್ಲ! ಜೋರಾಗಿ!”

ಹತ್ತು ಹೆಜ್ಜೆ ಹಿಂದೆ ನಿಂತಿದ್ದ ನಾಗಭೂಷಣ, ಮಂಜುಳಾ, ಅರ್ಚಕರು, ಕಂಡಕ್ಟರು, ಒಂದು ಬಸ್ಸಿನ ಪ್ರಯಾಣಿಕರು ಎಲ್ಲರೂ ಇತ್ತ ತಿರುಗಿದರು. ಪಾಲಾಕ್ಷ ಕಣ್ಣು ಮುಚ್ಚಿಕೊಂಡು, ಹರಿದ ಮೊಣಕಾಲು ಕೂಡಿಸಿ ನಿಂತು, ಗುಡಿಯ ಗಂಟೆ ನಡುಗುವಂತೆ ಕೂಗಿದ.

“ಮಾವ, ನಮ್ಮನೆಗೆ ಬನ್ನಿ!”

ಮೊದಲ ಸಲ ಅವನು ಅದನ್ನು ಮರುಕಕ್ಕೆ ಹೇಳಿದ್ದ, ಎರಡನೆಯ ಸಲ ಹೆದರಿಕೆಗೆ. ಮೂರನೆಯ ಸಲ ಹೇಳಿದಾಗ ತಾನು ನಿಜವಾಗಿಯೇ ಕರೆಯುತ್ತಿದ್ದೇನೆಂದು ತಿಳಿದು ಪಾಲಾಕ್ಷ ಗಾಬರಿಯಾದ.